ರೈನ್ ನದಿಗೆ ಸಾಲ್ಮನ್ ವಾಪಸ್ಸು ಬಂದ ಕತೆ

"ಸುಸ್ಥಿರ ಅಭಿವೃದ್ಧಿಗಾಗಿ ಅಂತಾರಾಷ್ಟ್ರೀಯ ಸಹಕಾರ" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನನಗಂತೂ ಆಕಳಿಕೆ ಬರುತ್ತೆ. ಕೋಟು ಹಾಕಿಕೊಂಡವರು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳೋದು, ಮುಂದಿನ ವರ್ಷ ಇನ್ನೊಂದು ದೇಶದಲ್ಲಿ ಸೇರೋಣ ಅಂತ ತೀರ್ಮಾನಿಸಿ ಎದ್ದು ಹೋಗೋದು. ನಿಮಗೂ ಹಾಗೇ ಅನ್ನಿಸಿರಬಹುದು. ಆದರೆ ನಾನಿರುವ ಕಲೋನ್ ಊರಿನ ನಡುವೆ ಹರಿಯುವ ರೈನ್ ನದಿಯ ಚರಿತ್ರೆ ಓದುತ್ತಾ ಹೋದ ಹಾಗೆ, ಈ ಒಣ ಮಾತಿನ ಹಿಂದೆ ಒಂದು ಒಳ್ಳೇ ಕತೆ ಇರೋದು ಗೊತ್ತಾಯ್ತು. ಜಗಳ, ಜುಗ್ಗತನ, ಬೆಂಕಿ, ವಿಷ, ಕೋರ್ಟು ಕಚೇರಿ, ಕೊನೆಗೊಂದು ಮೀನು, ಎಲ್ಲವೂ ಇದೆ ಇದರಲ್ಲಿ.

ಮೊದಲು ನದಿಯ ಪರಿಚಯ. ಸ್ವಿಸ್ ಆಲ್ಪ್ಸ್‌ನಲ್ಲಿ ಹುಟ್ಟಿ, ಬಾಸೆಲ್ ದಾಟಿ, ಒಂದಷ್ಟು ದೂರ ಫ್ರಾನ್ಸ್ ಮತ್ತು ಜರ್ಮನಿಗೆ ಗಡಿಯಾಗಿ, ಆಮೇಲೆ ಜರ್ಮನಿಯ ಒಳಗೆ ಹರಿದು, ಹಾಲೆಂಡಿನಲ್ಲಿ ಕವಲೊಡೆದು ಉತ್ತರ ಸಮುದ್ರ ಸೇರುತ್ತೆ. ಉದ್ದ ಸುಮಾರು 1,230 ಕಿಲೋಮೀಟರ್. ದಶಕಗಳ ಕಾಲ ವಿಶ್ವಕೋಶಗಳಲ್ಲೂ ಪಠ್ಯಪುಸ್ತಕಗಳಲ್ಲೂ 1,320 ಅಂತ ಇತ್ತು. 2010ರಲ್ಲಿ ಕಲೋನ್ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞರೊಬ್ಬರು ಹಳೆಯ ಪುಸ್ತಕಗಳನ್ನು ತಾಳೆ ನೋಡಿ, ಎಲ್ಲೋ ಯಾರೋ 2 ಮತ್ತು 3ನ್ನು ಅದಲು ಬದಲು ಮಾಡಿರಬೇಕು, ಮಿಕ್ಕವರೆಲ್ಲ ಕಾಪಿ ಹೊಡೆದಿರಬೇಕು ಅಂದರು. ನಮ್ಮ ಸಾಫ್ಟ್‌ವೇರ್ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥ ಆಗುವ ವಿಷಯ :)

ಸಣ್ಣ ಪುಟ್ಟ ಪಾಲನ್ನೂ ಸೇರಿಸಿದರೆ ಈ ನದಿಯ ಜಲಾನಯನ ಪ್ರದೇಶ ಒಂಬತ್ತು ದೇಶಗಳಲ್ಲಿ ಹರಡಿದೆ. ಅಲ್ಲಿ ವಾಸಿಸೋರು ಸುಮಾರು ಆರು ಕೋಟಿ ಜನ, ಈ ನದಿಯ ನೀರನ್ನೇ ಕುಡಿಯೋರು ಸುಮಾರು ಮೂರು ಕೋಟಿ. ಇದೇ ನದಿಯ ದಂಡೆಯಲ್ಲಿ ಯುರೋಪಿನ ಅತಿ ದೊಡ್ಡ ರಾಸಾಯನಿಕ ಕಾರ್ಖಾನೆಗಳೂ ಇವೆ. ಕತೆಯ ತಾಪತ್ರಯ ಎಲ್ಲ ಇಲ್ಲಿಂದಲೇ ಶುರು.

ದೋಣಿಗೆ ಒಪ್ಪಂದ, ಮೀನಿಗೂ ಒಪ್ಪಂದ

ರೈನ್ ವಿಷಯದಲ್ಲಿ ದೇಶಗಳು ಒಟ್ಟಿಗೆ ಕೂತದ್ದು ಇವತ್ತು ನೆನ್ನೆಯಲ್ಲ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ನಡೆದ ವಿಯೆನ್ನಾ ಸಮಾವೇಶದಲ್ಲೇ ರೈನ್ ನೌಕಾಯಾನಕ್ಕೆ ಒಂದು ಆಯೋಗ ಬೇಕು ಅಂತ ತೀರ್ಮಾನ ಆಯ್ತು. ಮರುವರ್ಷ ಅದು ಮೈನ್ಜ್‌ನಲ್ಲಿ ಮೊದಲ ಸಭೆ ಸೇರಿತು. ಆ ಆಯೋಗ ಇವತ್ತಿಗೂ ಸ್ಟ್ರಾಸ್‌ಬೂರ್ಗ್‌ನಲ್ಲಿ ಕೆಲಸ ಮಾಡ್ತಾ ಇದೆ. ಈಗ ಬದುಕಿರುವ ಅಂತಾರಾಷ್ಟ್ರೀಯ ಸಂಸ್ಥೆಗಳಲ್ಲಿ ಅತಿ ಹಳೆಯದು ಇದೇ ಅನ್ನುತ್ತಾರೆ. ಊರೂರಿಗೆ ಒಬ್ಬ ಪಾಳೇಗಾರ ಸುಂಕ ಕೀಳುತ್ತಿದ್ದರೆ ವ್ಯಾಪಾರ ನಡೆಯೋದು ಹೇಗೆ? ಹಾಗಾಗಿ ದೋಣಿ ಹೋಗೋಕೆ ಎಲ್ಲರೂ ಬೇಗ ಒಪ್ಪಿದರು. ದುಡ್ಡು ಬರುವ ಕಡೆ ಸಹಕಾರ ಸುಲಭ!

ಅದೇ ಹೊತ್ತಿಗೆ ಯೋಹಾನ್ ಗೊಟ್‌ಫ್ರೀಡ್ ಟುಲ್ಲಾ ಅನ್ನೋ ಇಂಜಿನಿಯರ್ ಮೇಲಿನ ರೈನನ್ನು ನೇರ ಮಾಡೋಕೆ ಹೊರಟ. ಹಾವಿನಂತೆ ಸುತ್ತಿಕೊಂಡು ಹರಿಯುತ್ತಿದ್ದ ನದಿಯ ತಿರುವುಗಳನ್ನು ಕಡಿದು ಕಾಲುವೆಯಂತೆ ಮಾಡುವ ಕೆಲಸ 1817ರಲ್ಲಿ ಶುರುವಾಗಿ, ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1876ರಲ್ಲಿ ಮುಗಿಯಿತು. ನದಿ ಸುಮಾರು 80 ಕಿಲೋಮೀಟರ್ ಗಿಡ್ಡ ಆಯ್ತು. ಜೌಗು ನೆಲ ಹೊಲವಾಯ್ತು, ಆ ಭಾಗದ ಊರುಗಳಿಗೆ ಪ್ರವಾಹದ ಕಾಟ ಕಮ್ಮಿಯಾಯ್ತು. ಆದರೆ ನೀರು ರಭಸವಾಗಿ ಕೆಳಗಿನ ಊರುಗಳ ಮೇಲೆ ನುಗ್ಗೋಕೆ ಶುರುವಾಯ್ತು. ಮೀನು ಮೊಟ್ಟೆ ಇಡುವ ಜಾಗಗಳೂ ಹೋದವು. ಮೇಲಿನವರ ಸುಖ ಕೆಳಗಿನವರ ಕಷ್ಟ. ಈ ಸೂತ್ರ ನೆನಪಿಟ್ಟುಕೊಳ್ಳಿ, ಮುಂದೆಲ್ಲ ಇದೇ.

ಆ ಕಾಲದಲ್ಲಿ ರೈನ್ ಅಂದ್ರೆ ಸಾಲ್ಮನ್ ಮೀನಿನ ನದಿ. ಹುಟ್ಟೋದು ಹೊಳೆಯಲ್ಲಿ, ಬೆಳೆಯೋದು ಸಮುದ್ರದಲ್ಲಿ, ಮೊಟ್ಟೆಯಿಡೋಕೆ ಮತ್ತೆ ಹುಟ್ಟಿದ ಹೊಳೆಗೇ ವಾಪಸ್ಸು. ವಾರಕ್ಕೆ ಮೂರಕ್ಕಿಂತ ಹೆಚ್ಚು ದಿನ ನಮಗೆ ಸಾಲ್ಮನ್ ಊಟ ಹಾಕಬಾರದು ಅಂತ ಮನೆಯಾಳುಗಳು ಕರಾರು ಮಾಡಿಕೊಳ್ತಿದ್ದರಂತೆ ಅಂತ ಇಲ್ಲೊಂದು ಕತೆ ಹೇಳ್ತಾರೆ. ಅಂಥ ಕರಾರು ಪತ್ರವನ್ನು ಯಾರೂ ಕಂಡಿಲ್ಲ, ಕತೆ ಮಾತ್ರ ಸಾಯುತ್ತಿಲ್ಲ. ಕತೆ ಸುಳ್ಳಿದ್ದರೂ ಮೀನು ಸುಳ್ಳಲ್ಲ. 1885ರ ಸುಮಾರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಸಾಲ್ಮನ್ ಹಿಡಿಯುತ್ತಿದ್ದರು. ಮೀನು ಕಮ್ಮಿ ಆಗ್ತಿದೆ ಅನ್ನೋ ಅಳಲು ಆಗಲೇ ಶುರುವಾಗಿ, ಜರ್ಮನಿ, ಹಾಲೆಂಡ್, ಸ್ವಿಟ್ಜರ್ಲೆಂಡ್ ಸೇರಿ 1885ರಲ್ಲಿ ಸಾಲ್ಮನ್ ಒಪ್ಪಂದ ಮಾಡಿಕೊಂಡವು. ಯಾವಾಗ ಹಿಡಿಯಬೇಕು, ಎಂಥ ಬಲೆ ಹಾಕಬೇಕು ಅಂತೆಲ್ಲ ನಿಯಮ ಬಂತು. ಆದರೆ ಮೀನನ್ನು ಕೊಲ್ಲುತ್ತಿದ್ದದ್ದು ಬಲೆ ಒಂದೇ ಅಲ್ಲವಲ್ಲ. ಕಾರ್ಖಾನೆ, ಅಣೆಕಟ್ಟು, ಊರಿನ ಚರಂಡಿ ಯಾವುದೂ ಒಪ್ಪಂದದಲ್ಲಿ ಇರಲಿಲ್ಲ. 1950ರ ದಶಕ ಮುಗಿಯುವ ಹೊತ್ತಿಗೆ ರೈನ್‌ನಲ್ಲಿ ಸಾಲ್ಮನ್ ಸಂತತಿಯೇ ಇಲ್ಲವಾಯ್ತು.

ಯುರೋಪಿನ ಚರಂಡಿ

ಎರಡನೇ ಮಹಾಯುದ್ಧ ಮುಗಿದು ಐದೇ ವರ್ಷ. ಹಾಲೆಂಡಿನವರು ನದಿಯ ತಟ್ಟಕೊನೆಯಲ್ಲಿರೋರು, ಎಲ್ಲರ ಕೊಳೆ ಕುಡಿಯೋರು. ಅವರ ಒತ್ತಾಯದಿಂದ 1950ರ ಜುಲೈನಲ್ಲಿ ಬಾಸೆಲ್‌ನಲ್ಲಿ ರೈನ್ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗ ಹುಟ್ಟಿಕೊಂಡಿತು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್, ಹಾಲೆಂಡ್, ಈ ಐದು ಸದಸ್ಯರು. ಮೊನ್ನೆ ಮೊನ್ನೆ ತಮ್ಮ ಊರಿಗೆ ಟ್ಯಾಂಕು ನುಗ್ಗಿಸಿದವರ ಜೊತೆ ಒಂದೇ ಮೇಜಿಗೆ ಕೂತು ನೀರಿನ ಲೆಕ್ಕ ಮಾತಾಡೋದು ಸಣ್ಣ ವಿಷಯ ಅಲ್ಲ. 1963ರಲ್ಲಿ ಬರ್ನ್ ಒಪ್ಪಂದದ ಮೂಲಕ ಆಯೋಗಕ್ಕೆ ಕಾನೂನಿನ ಆಧಾರವೂ ಸಿಕ್ಕಿತು. ಇವತ್ತು ಅದರ ಕಚೇರಿ ಮೊಸೆಲ್ ನದಿ ಬಂದು ರೈನ್ ಸೇರುವ ಕೊಬ್ಲೆಂಜ್ ಊರಿನಲ್ಲಿದೆ.

ಆದರೆ ಮೊದಲ ಇಪ್ಪತ್ತು ವರ್ಷ ಆಯೋಗ ಮಾಡಿದ್ದು ಹೆಚ್ಚಾಗಿ ಅಳತೆ. ಎಲ್ಲಿ ಎಷ್ಟು ಕೊಳೆ ಇದೆ ಅಂತ ಎಲ್ಲ ದೇಶದವರೂ ಒಂದೇ ರೀತಿ ಅಳೆಯೋದಕ್ಕೆ ಒಪ್ಪಿದರು. ಇದೇನು ಮಹಾ ಅನ್ನಬೇಡಿ. ನಿನ್ನ ಲೆಕ್ಕ ಸುಳ್ಳು, ನನ್ನ ಲೆಕ್ಕ ನಿಜ ಅನ್ನೋ ಜಗಳ ಅಲ್ಲಿಗೆ ಮುಗಿಯಿತು. ಆದರೂ ನದಿ ಮಾತ್ರ ದಿನೇ ದಿನೇ ಸಾಯುತ್ತಾ ಹೋಯ್ತು. ಜನ ಅದನ್ನು ಯುರೋಪಿನ ಚರಂಡಿ ಅಂತಲೇ ಕರೆದರು. 1970ರ ದಶಕದ ಶುರುವಿನಲ್ಲಿ ಕೆಲವು ಕಡೆ ಮೀನು ಉಸಿರಾಡೋದಕ್ಕೆ ಬೇಕಾದಷ್ಟು ಆಮ್ಲಜನಕವೂ ನೀರಿನಲ್ಲಿ ಉಳಿದಿರಲಿಲ್ಲ.

1969ರ ಜೂನ್ ತಿಂಗಳಲ್ಲಿ ನಡೆದ ಒಂದು ಘಟನೆಯನ್ನು ಕನ್ನಡದವರಿಗೆ ಹೇಳಲೇಬೇಕು. ರೈನ್‌ನಲ್ಲಿ ಇದ್ದಕ್ಕಿದ್ದಂತೆ ಲಕ್ಷಾಂತರ ಮೀನು ಸತ್ತು ತೇಲಿದವು. ಹಾಲೆಂಡಿನವರು ಕುಡಿಯೋಕೆ ನದಿ ನೀರು ಎತ್ತೋದನ್ನೇ ನಿಲ್ಲಿಸಿದರು. ಕಾರಣ ಹುಡುಕಿದಾಗ ಸಿಕ್ಕ ವಿಷದ ಹೆಸರು ಎಂಡೋಸಲ್ಫಾನ್. ಹೌದು, ಅದೇ! ಇದೇ ವಿಷವನ್ನು 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಊರುಗಳೂ ಅದರ ಫಲ ಉಂಡವು. ಪತ್ರಕರ್ತ ಶ್ರೀಪಡ್ರೆಯವರಂಥವರು ವರ್ಷಗಟ್ಟಲೆ ಬರೆದರೂ ಕೇಳೋರಿರಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಅದನ್ನು ಜಗತ್ತಿನಾದ್ಯಂತ ಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅಷ್ಟು ಹೊತ್ತಿಗೆ ರೈನ್‌ನ ಮೀನು ಸತ್ತು 42 ವರ್ಷ ಆಗಿತ್ತು. ಒಂದು ನದಿ ಕಲಿತ ಪಾಠ ಇನ್ನೊಂದು ಊರಿಗೆ ತಲುಪೋಕೆ ಇಷ್ಟು ಕಾಲ ಬೇಕಾ? ಈ ಪ್ರಶ್ನೆಗೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ.

ಉಪ್ಪಿನ ಜಗಳ

ಈಗ ಈ ಕತೆಯ ಅತಿ ಹಠಮಾರಿ ಅಧ್ಯಾಯಕ್ಕೆ ಬರೋಣ. ಫ್ರಾನ್ಸಿನ ಅಲ್ಸಾಸ್‌ನಲ್ಲಿ ಪೊಟ್ಯಾಶ್ ಗಣಿಗಳಿದ್ದವು. ಗೊಬ್ಬರಕ್ಕೆ ಬೇಕಾದ ಪೊಟ್ಯಾಶ್ ತೆಗೆದುಕೊಂಡ ಮೇಲೆ ಉಳಿಯುವ ಉಪ್ಪನ್ನು ಸರಕಾರಿ ಕಂಪನಿ ನೇರ ನದಿಗೆ ಬಿಡುತ್ತಿತ್ತು. ಜರ್ಮನಿಯ ಗಣಿಗಳೂ ತಮ್ಮ ಪಾಲು ಸೇರಿಸುತ್ತಿದ್ದವು. ಕೆಳಗೆ ಹಾಲೆಂಡಿನಲ್ಲಿ ಇದೇ ನೀರನ್ನು ಹೂವಿನ ತೋಟ, ತರಕಾರಿ ಗಿಡಗಳಿಗೆ ಬಿಟ್ಟರೆ ಸಸಿಗಳು ಬಾಡುತ್ತಿದ್ದವು.

ನೆಟ್ಟಗೆ ಯೋಚಿಸಿದರೆ ನ್ಯಾಯ ಸರಳ, ಹಾಳು ಮಾಡಿದವನು ದುಡ್ಡು ಕೊಡಬೇಕು. ಆದರೆ 1976ರ ಡಿಸೆಂಬರಿನಲ್ಲಿ ಬಾನ್ ನಗರದಲ್ಲಿ ಸಹಿಯಾದ ಕ್ಲೋರೈಡ್ ಒಪ್ಪಂದ ನೋಡಿ. ಸೆಕೆಂಡಿಗೆ 60 ಕಿಲೋದಷ್ಟು ಕ್ಲೋರೈಡ್ ಕಮ್ಮಿ ಮಾಡಬೇಕು. ಅದರ ಖರ್ಚಿನಲ್ಲಿ ಫ್ರಾನ್ಸ್ ಮತ್ತು ಜರ್ಮನಿ ತಲಾ ನೂರಕ್ಕೆ 30, ಸ್ವಿಟ್ಜರ್ಲೆಂಡ್ 6, ಉಳಿದ 34 ಹಾಲೆಂಡ್! ಅಂದ್ರೆ ಏಟು ತಿಂದವನೇ ಹೆಚ್ಚು ದಂಡ ಕಟ್ಟಬೇಕು. ಡಚ್ಚರು ಹಲ್ಲು ಕಚ್ಚಿಕೊಂಡು ಒಪ್ಪಿದರು. ತತ್ವಕ್ಕೆ ಅಂಟಿಕೊಂಡರೆ ಉಪ್ಪುನೀರೇ ಗತಿ ಅಂತ ಅವರಿಗೆ ಗೊತ್ತಿತ್ತು.

ಅಷ್ಟಾದರೂ ಕೆಲಸ ಆಯ್ತಾ? ಇಲ್ಲ. ಉಪ್ಪುನೀರನ್ನು ಭೂಮಿಯೊಳಗೆ ಇಳಿಸುತ್ತೇವೆ ಅಂದಾಗ ಅಲ್ಸಾಸಿನ ಜನ ನಮ್ಮ ಅಂತರ್ಜಲ ಹಾಳಾಗುತ್ತೆ ಅಂತ ತಿರುಗಿಬಿದ್ದರು. ಫ್ರಾನ್ಸ್ ಸರಕಾರ ಒಪ್ಪಂದವನ್ನು ಸಂಸತ್ತಿನಲ್ಲಿ ಪಾಸು ಮಾಡಿಸದೆ ಮುಂದೂಡಿತು. ಸಿಟ್ಟಿಗೆದ್ದ ಹಾಲೆಂಡ್ 1979ರಲ್ಲಿ ಪ್ಯಾರಿಸ್ಸಿನಿಂದ ತನ್ನ ರಾಯಭಾರಿಯನ್ನೇ ವಾಪಸ್ಸು ಕರೆಸಿಕೊಂಡಿತು. ಎರಡು ಮಿತ್ರ ದೇಶಗಳ ನಡುವೆ, ಉಪ್ಪಿಗೋಸ್ಕರ! ಒಪ್ಪಂದ ಜಾರಿಗೆ ಬಂದದ್ದು 1985ರಲ್ಲಿ.

ಇತ್ತ ಡಚ್ ಬೆಳೆಗಾರರು ಸರಕಾರಗಳನ್ನು ಕಾಯುತ್ತಾ ಕೂರಲಿಲ್ಲ. ಒಬ್ಬ ನರ್ಸರಿ ಮಾಲೀಕ ಮತ್ತು ಒಂದು ನದಿ ರಕ್ಷಣಾ ಸಂಸ್ಥೆ ಸೇರಿ ಫ್ರೆಂಚ್ ಗಣಿ ಕಂಪನಿಯ ಮೇಲೆ ರೋಟರ್‌ಡ್ಯಾಮ್‌ನಲ್ಲೇ ಕೇಸು ಹಾಕಿದರು. ಕೇಸು ನಡೆಸಬೇಕಾದ್ದು ಉಪ್ಪು ಸುರಿದ ಫ್ರಾನ್ಸಿನಲ್ಲೋ, ಗಿಡ ಒಣಗಿದ ಹಾಲೆಂಡಿನಲ್ಲೋ ಅನ್ನೋ ಪ್ರಶ್ನೆ ಯುರೋಪಿಯನ್ ನ್ಯಾಯಾಲಯದವರೆಗೂ ಹೋಯ್ತು. 1976ರ ನವೆಂಬರಿನಲ್ಲಿ ಬಂದ ಉತ್ತರ: ನಷ್ಟ ಅನುಭವಿಸಿದವನಿಗೆ ಬಿಟ್ಟದ್ದು, ಎಲ್ಲಿ ಬೇಕಾದರೂ ಹಾಕಬಹುದು. ಇವತ್ತಿಗೂ ಯುರೋಪಿನ ಕಾನೂನು ವಿದ್ಯಾರ್ಥಿಗಳು ಈ ತೀರ್ಪು ಓದುತ್ತಾರೆ. 1988ರಲ್ಲಿ ಹಾಲೆಂಡಿನ ಸರ್ವೋಚ್ಚ ನ್ಯಾಯಾಲಯವೂ ಬೆಳೆಗಾರರ ಪರ ನಿಂತಿತು. ಲೆಕ್ಕಪತ್ರದ ತಕರಾರು ಮಾತ್ರ ಎಳೆದಾಡುತ್ತಲೇ ಇತ್ತು. ಹೆಚ್ಚಾಗಿ ಕೊಟ್ಟ ಹಣವನ್ನು ಫ್ರಾನ್ಸ್ ಡಚ್ಚರಿಗೆ ಹಿಂದಿರುಗಿಸಬೇಕು ಅಂತ ಹೇಗ್‌ನ ಮಧ್ಯಸ್ಥಿಕೆ ಮಂಡಳಿ ಹೇಳಿದ್ದು 2004ರಲ್ಲಿ. ಆಗಲೇ ಅಲ್ಸಾಸಿನ ಗಣಿಗಳೇ ಮುಚ್ಚಿಹೋಗಿದ್ದವು!

ಕೆಂಪಾದ ನದಿ

1986ರ ನವೆಂಬರ್ 1. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತು. ಬಾಸೆಲ್ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸುಮಾರು 1,350 ಟನ್ ರಾಸಾಯನಿಕ. ಬೆಳಗಿನ ಜಾವ ಊರಿನಲ್ಲಿ ಸೈರನ್ ಕೂಗಿತು, ಕಿಟಕಿ ಮುಚ್ಚಿ ಮನೆಯೊಳಗೇ ಇರಿ ಅಂತ ಜನರಿಗೆ ಹೇಳಿದರು. ಚೆರ್ನೋಬಿಲ್ ನಡೆದು ಆರೇ ತಿಂಗಳು, ಜನರಿಗೆ ಹೇಗಾಗಿರಬೇಡ ಯೋಚಿಸಿ.

ಬೆಂಕಿಯನ್ನೇನೋ ಆರಿಸಿದರು. ಆದರೆ ಆರಿಸೋಕೆ ಬಳಸಿದ ನೀರು? ಅದನ್ನು ಹಿಡಿದಿಟ್ಟುಕೊಳ್ಳೋಕೆ ತೊಟ್ಟಿಯೇ ಇರಲಿಲ್ಲ. ಕೀಟನಾಶಕವನ್ನೂ ಬಣ್ಣವನ್ನೂ ತೊಳೆದುಕೊಂಡು ಅದು ರೈನ್‌ಗೆ ಇಳಿಯಿತು. ನದಿ ಕೆಂಪಾಯ್ತು. ನೂರಾರು ಕಿಲೋಮೀಟರ್ ಉದ್ದಕ್ಕೆ ಜೀವಿಗಳು ಸತ್ತವು. ಹಾವುಮೀನುಗಳೇ ಸುಮಾರು ಒಂದೂವರೆ ಲಕ್ಷ. ಕೆಳಗಿನ ಊರುಗಳು ಕುಡಿಯುವ ನೀರಿನ ಪಂಪು ನಿಲ್ಲಿಸಿದವು. ಅಪಾಯದ ಸುದ್ದಿ ಸ್ವಿಟ್ಜರ್ಲೆಂಡಿನಿಂದ ಕೆಳಗಿನ ದೇಶಗಳಿಗೆ ತಡವಾಗಿ ತಲುಪಿತು. ಆಯೋಗ ಹುಟ್ಟಿ 36 ವರ್ಷ ಆಗಿದ್ದರೂ ಸಮಯಕ್ಕೆ ಸರಿಯಾಗಿ ಒಂದು ಎಚ್ಚರಿಕೆ ಮುಟ್ಟಿಸೋದು ಆಗಲಿಲ್ಲ!

ಜನ ಬೀದಿಗೆ ಬಂದರು. ಬಾಸೆಲ್ ಹೆಸರನ್ನು ಚೆರ್ನೋಬಿಲ್ ಜೊತೆ ಕೂಡಿಸಿ ಫಲಕ ಬರೆದರು. ಹನ್ನೊಂದೇ ದಿನಕ್ಕೆ ಮಂತ್ರಿಗಳು ಜೂರಿಕ್‌ನಲ್ಲಿ ಸೇರಿದರು, ಡಿಸೆಂಬರಿನಲ್ಲಿ ರೋಟರ್‌ಡ್ಯಾಮ್‌ನಲ್ಲಿ ಮತ್ತೆ ಸೇರಿದರು. ಇಪ್ಪತ್ತು ವರ್ಷ ಕುಂಟುತ್ತಿದ್ದ ಕೆಲಸ ಒಂದೇ ವರ್ಷದಲ್ಲಿ ಓಡಿತು. 1987ರ ಅಕ್ಟೋಬರ್ 1ರಂದು ಸ್ಟ್ರಾಸ್‌ಬೂರ್ಗ್‌ನಲ್ಲಿ ರೈನ್ ಕ್ರಿಯಾ ಯೋಜನೆ ಅಂಗೀಕಾರ ಆಯ್ತು. ಕಾಕತಾಳೀಯ ನೋಡಿ, ಸುಸ್ಥಿರ ಅಭಿವೃದ್ಧಿ ಅನ್ನೋ ಪದವನ್ನು ಲೋಕಪ್ರಸಿದ್ಧ ಮಾಡಿದ ವಿಶ್ವಸಂಸ್ಥೆಯ ಬ್ರುಂಟ್‌ಲಾಂಡ್ ವರದಿ ಬಂದದ್ದೂ ಅದೇ ವರ್ಷ.

ಒಂದು ಮೀನಿನ ಗುರಿ

ಈ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಗುರಿ. ಇಷ್ಟು ಮಿಲಿಗ್ರಾಂ ಅದು, ಅಷ್ಟು ಮೈಕ್ರೋಗ್ರಾಂ ಇದು ಅಂತ ಮಾತ್ರ ಹೇಳಿದ್ದರೆ ಯಾರ ತಲೆಗೂ ಹೋಗುತ್ತಿರಲಿಲ್ಲ. ಅವರು ಹೇಳಿದ್ದು, 2000ದ ಹೊತ್ತಿಗೆ ಸಾಲ್ಮನ್ ರೈನ್‌ಗೆ ವಾಪಸ್ಸು ಬರಬೇಕು. ಅಷ್ಟೇ. ಸಾಲ್ಮನ್ ಬರಬೇಕಾದರೆ ನೀರು ಶುದ್ಧ ಇರಬೇಕು, ಅಣೆಕಟ್ಟುಗಳಲ್ಲಿ ಮೀನಿಗೆ ಮೆಟ್ಟಿಲಿರಬೇಕು, ಉಪನದಿಗಳಲ್ಲಿ ಮೊಟ್ಟೆ ಇಡೋಕೆ ಜಲ್ಲಿಕಲ್ಲಿನ ಜಾಗ ಇರಬೇಕು, ಸಮುದ್ರದ ಬಾಗಿಲು ತೆರೆದಿರಬೇಕು. ಒಂದು ಮೀನು ಬಂತು ಅಂದ್ರೆ ಇಷ್ಟೂ ಕೆಲಸ ಆಗಿದೆ ಅಂತಲೇ ಅರ್ಥ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕಂದ್ರೆ, ಇಡೀ ಸಿಸ್ಟಮ್ಮಿಗೆ ಒಂದೇ ಟೆಸ್ಟ್ ಕೇಸ್!

ಇನ್ನೊಂದು ವಿಶೇಷ. ಉಪ್ಪಿನ ಒಪ್ಪಂದಕ್ಕೆ ಕಾನೂನಿನ ಬಲ ಇತ್ತು, ಆದರೂ ಅದು ಹತ್ತು ವರ್ಷ ತೆವಳಿತು. ಕ್ರಿಯಾ ಯೋಜನೆಗೆ ಕಾನೂನಿನ ಬಲ ಇರಲಿಲ್ಲ, ಬರೀ ಮಂತ್ರಿಗಳ ಮಾತು, ಆದರೆ ಅದು ಓಡಿತು. ಯಾಕೆ? ಕೋರ್ಟಿಗೆ ಎಳೆಯುತ್ತಾರೆ ಅನ್ನೋ ಭಯ ಇದ್ದಾಗ ಪ್ರತಿ ದೇಶವೂ ಆದಷ್ಟು ಸಣ್ಣ ಮಾತು ಕೊಡುತ್ತೆ. ಆ ಭಯ ಇಲ್ಲದಿದ್ದಾಗ ದೊಡ್ಡ ಮಾತು ಕೊಡೋಕೆ ಧೈರ್ಯ ಬರುತ್ತೆ. 1995ರ ಒಳಗೆ ಮುಖ್ಯ ವಿಷಗಳನ್ನು ಅರ್ಧಕ್ಕೆ ಇಳಿಸುತ್ತೇವೆ ಅಂದರು. ಯಾರು ಎಷ್ಟು ಇಳಿಸಿದರು ಅನ್ನೋ ಲೆಕ್ಕವನ್ನು ಎಲ್ಲರ ಮುಂದೆ ಇಡಬೇಕಾಗಿತ್ತು. ನೆರೆಯವರ ಎದುರು ಮಾನ ಕಳೆದುಕೊಳ್ಳೋಕೆ ಯಾರಿಗೂ ಇಷ್ಟ ಇಲ್ಲ. ಬಹಳಷ್ಟು ವಿಷಗಳಲ್ಲಿ ಗುರಿಗಿಂತ ಹೆಚ್ಚೇ ಸಾಧಿಸಿದರು.

ಇದನ್ನು ಬರೀ ಒಳ್ಳೇತನ ಅಂತ ತಿಳಿಯಬೇಡಿ. ಈ ದೇಶಗಳ ಹತ್ತಿರ ದುಡ್ಡಿತ್ತು. 1970ರಿಂದಲೇ ಸಾವಿರಾರು ಕೋಟಿ ಮಾರ್ಕು ಸುರಿದು ಊರೂರಿನಲ್ಲಿ ಕೊಳೆನೀರು ಶುದ್ಧೀಕರಣ ಘಟಕ ಕಟ್ಟಿದ್ದರು. ಬೆಂಕಿಯ ಮೇಲೆ ಕಾರ್ಖಾನೆಗಳು ಬೆಂಕಿ ಆರಿಸಿದ ನೀರು ಹಿಡಿದಿಡೋಕೆ ದೊಡ್ಡ ತೊಟ್ಟಿಗಳನ್ನು ಕಟ್ಟಬೇಕಾಯ್ತು. 1993ರಲ್ಲಿ ಸ್ವಿಸ್ಸರು, ಜರ್ಮನ್ನರು ಸೇರಿ ವೈಲ್ ಆಮ್ ರೈನ್‌ನಲ್ಲಿ ಜಂಟಿ ಪರೀಕ್ಷಾ ಕೇಂದ್ರ ತೆರೆದರು. ಎಚ್ಚರಿಕೆಯ ಠಾಣೆಗಳ ಸರಪಳಿಯೊಂದು ಬಾಸೆಲ್‌ನಿಂದ ಕೆಳಗಿನವರೆಗೆ ಇವತ್ತು ಕೆಲಸ ಮಾಡುತ್ತೆ. 1986ರಲ್ಲಿ ತಡವಾಗಿ ಹೋದ ಸುದ್ದಿಯಂಥದ್ದು ಈಗ ನೀರಿಗಿಂತ ಮೊದಲೇ ಹೋಗುತ್ತೆ.

ಮತ್ತೆ ಸಾಲ್ಮನ್? ರೈನ್‌ನದೇ ತಳಿ ಅಳಿದು ಹೋಗಿದ್ದರಿಂದ ಫ್ರಾನ್ಸಿನ ಬೇರೆ ನದಿಗಳಿಂದ, ಐರ್ಲೆಂಡ್, ಸ್ವೀಡನ್ ಕಡೆಯಿಂದ ಮೊಟ್ಟೆ ತಂದು ಮರಿ ಮಾಡಿ ಉಪನದಿಗಳಿಗೆ ಬಿಟ್ಟರು. 1990ರಲ್ಲಿ, ಬಾನ್ ಹತ್ತಿರ ರೈನ್ ಸೇರುವ ಸೀಗ್ ನದಿಯಲ್ಲಿ ಸಮುದ್ರದಿಂದ ತಿರುಗಿ ಬಂದ ಮೊದಲ ಸಾಲ್ಮನ್ ಸಿಕ್ಕಿತು. 2000ದಲ್ಲಿ ಇಫೆಟ್ಸ್‌ಹೈಮ್ ಅಣೆಕಟ್ಟಿನಲ್ಲಿ ಮೀನಿನ ಮೆಟ್ಟಿಲು ತೆರೆಯಿತು. 2008ರಲ್ಲಿ ದೂರದ ಬಾಸೆಲ್‌ನಲ್ಲೇ ಒಂದು ಸಾಲ್ಮನ್ ಗಾಳಕ್ಕೆ ಬಿತ್ತು. ಅರ್ಧ ಶತಮಾನದ ಮೇಲೆ!

ಕತೆ ಮುಗಿದಿಲ್ಲ

ಇಲ್ಲಿಗೆ ಸುಖಾಂತ ಅಂತ ಮುಗಿಸಿದರೆ ಮೋಸ ಆಗುತ್ತೆ. 1993 ಮತ್ತು 1995ರಲ್ಲಿ ಭಾರೀ ಪ್ರವಾಹ ಬಂತು. 1995ರಲ್ಲಿ ಹಾಲೆಂಡಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಡಬೇಕಾಯ್ತು. ಟುಲ್ಲಾನ ಕಾಲದಿಂದ ನದಿಯನ್ನು ಹಿಡಿದು ಕಟ್ಟಿದ್ದರ ಬಡ್ಡಿ ಅದು. ಆಮೇಲೆ ನದಿಗೇ ಜಾಗ ಬಿಟ್ಟುಕೊಡೋಣ ಅನ್ನೋ ಬುದ್ಧಿ ಬಂದು, 1998ರಲ್ಲಿ ಪ್ರವಾಹದ ಯೋಜನೆಯೂ, 1999ರಲ್ಲಿ ಹೊಸ ರೈನ್ ಒಪ್ಪಂದವೂ ಆದವು. 2001ರಲ್ಲಿ ರೈನ್‌ನ ಸುಸ್ಥಿರ ಅಭಿವೃದ್ಧಿಯ ಕಾರ್ಯಕ್ರಮ ಅಂತಲೇ ಹೆಸರಿಟ್ಟು "ರೈನ್ 2020" ಬಂತು.

ಸಾಲ್ಮನ್ ತಾನಾಗಿಯೇ ಬಾಸೆಲ್ ತಲುಪುವಂತೆ ದಾರಿ ಆಗಬೇಕು ಅನ್ನೋದು ಅದರ ಒಂದು ಗುರಿ. 2020 ಬಂತು, ಹೋಯ್ತು. ಗಂಬ್ಸ್‌ಹೈಮ್, ಸ್ಟ್ರಾಸ್‌ಬೂರ್ಗ್, ಗೆರ್‌ಸ್ಟ್‌ಹೈಮ್ ದಾಟುವ ಮೆಟ್ಟಿಲು ಆಗಿತ್ತು, ಅದರ ಮೇಲಿನ ಫ್ರೆಂಚ್ ಅಣೆಕಟ್ಟುಗಳು ಆ ಹೊತ್ತಿಗೆ ಇನ್ನೂ ಮುಚ್ಚಿದ ಬಾಗಿಲೇ. ಸದಾ ಮೇಲಿನವರನ್ನು ದೂರುತ್ತಿದ್ದ ಡಚ್ಚರೂ ಸಾಚಾ ಅಲ್ಲ. ಸಮುದ್ರದ ಬಾಯಿಗೆ 1970ರಲ್ಲಿ ಅವರು ಕಟ್ಟಿದ ಹಾರಿಂಗ್‌ವ್ಲೀಟ್ ಗೇಟುಗಳು ಮೀನಿನ ದಾರಿಗೆ ಅಡ್ಡವಾಗಿದ್ದವು. ಅದನ್ನು ಸ್ವಲ್ಪ ತೆರೆದಿಡೋಕೆ 2018ರವರೆಗೆ ಕಾದರು. ವರ್ಷಕ್ಕೆ ವಾಪಸ್ಸು ಬರುವ ಸಾಲ್ಮನ್ ಲೆಕ್ಕ ನೂರುಗಳಲ್ಲಿದೆ, ಲಕ್ಷಗಳಲ್ಲಿ ಅಲ್ಲ. 2018 ಮತ್ತು 2022ರ ಬೇಸಿಗೆಗಳಲ್ಲಿ ನೀರು ಎಷ್ಟು ಇಳಿಯಿತೆಂದರೆ ಸರಕಿನ ದೋಣಿಗಳು ಅರ್ಧ ಹೊರೆಯನ್ನೂ ಹೊತ್ತು ಹೋಗಲಾಗಲಿಲ್ಲ. 2020ರ ಫೆಬ್ರವರಿಯಲ್ಲಿ ಒಪ್ಪಿಕೊಂಡ "ರೈನ್ 2040" ಯೋಜನೆ ಈ ಹವಾಮಾನದ ತಲೆನೋವನ್ನೂ, ನಮ್ಮ ಔಷಧಿ ಮಾತ್ರೆಗಳಿಂದ ನದಿ ಸೇರುವ ಕಣ್ಣಿಗೆ ಕಾಣದ ರಾಸಾಯನಿಕವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ.

ಇಷ್ಟೆಲ್ಲ ಓದಿದ ಮೇಲೆ ಕನ್ನಡದವರಿಗೆ ಕಾವೇರಿ ನೆನಪಾಗದೆ ಇರುತ್ತಾ? ಆದರೆ ಅವರನ್ನು ನೋಡಿ ಕಲಿಯಿರಿ ಅಂತ ಸುಲಭವಾಗಿ ಹೇಳೋಕೆ ಬರೋದಿಲ್ಲ. ರೈನ್‌ನಲ್ಲಿ ಜಗಳ ಕೊಳೆಯದ್ದು, ಕೊಳೆ ತೆಗೆದರೆ ಎಲ್ಲರಿಗೂ ಲಾಭ. ಕಾವೇರಿಯಲ್ಲಿ 1892, 1924ರ ಒಪ್ಪಂದಗಳಿಂದ 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಜಗಳ ಪಾಲಿನದ್ದು. ಒಬ್ಬನಿಗೆ ಹೆಚ್ಚಾದರೆ ಇನ್ನೊಬ್ಬನಿಗೆ ಕಮ್ಮಿ.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತೆ. ರೈನ್ ಕತೆ ಓದುವಾಗ ನಾವು ನಮಗರಿವಿಲ್ಲದೆ ಡಚ್ಚರ ಪಕ್ಷ ವಹಿಸುತ್ತೇವೆ. ನಕ್ಷೆ ತೆಗೆದು ನೋಡಿದರೆ ಕಾವೇರಿಯಲ್ಲಿ ನಾವು ಮೇಲಿನವರು! ಬೆಂಗಳೂರಿನ ಕೊಳೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ. ಕರ್ನಾಟಕ ನದಿಗೆ ಕೊಳೆ ಬಿಡುತ್ತಿದೆ ಅಂತ ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯ್ತು. ನೀರಿನ ಪಾಲಿನ ವಿಷಯದಲ್ಲಿ ನಮ್ಮ ವಾದ ಏನೇ ಇರಲಿ, ವೃಷಭಾವತಿಯ ನೊರೆಗೆ ಯಾವ ವಾದವೂ ಇಲ್ಲ. ಅದನ್ನು ಶುದ್ಧ ಮಾಡಿದರೆ ಮೊದಲ ಲಾಭ ನಮ್ಮದೇ ರಾಮನಗರ, ಕನಕಪುರದ ರೈತರಿಗೆ. ನಾವು ಒಂದು ಟಿಎಂಸಿಯನ್ನೂ ಕಳೆದುಕೊಳ್ಳದೆ ಮಾಡಬಹುದಾದ ಕೆಲಸ ಇದು.

ಎರಡೂ ಕಡೆಯವರು ಒಂದೇ ರೀತಿ ಅಳೆಯೋದು, ಅಳೆದದ್ದನ್ನು ಎಲ್ಲರೆದುರು ಇಡೋದು, ಊರಿನ ಮಗುವಿಗೂ ಅರ್ಥ ಆಗುವ ಒಂದು ಗುರಿ ಇಟ್ಟುಕೊಳ್ಳೋದು. ರೈನ್‌ನವರು ಮಾಡಿದ್ದು ಇಷ್ಟೇ, ಅದೂ ಒಂದು ಗೋದಾಮು ಸುಟ್ಟು ನದಿ ಕೆಂಪಾದ ಮೇಲೆ. ಅವರಿಗೆ ಸಾಲ್ಮನ್ ಇತ್ತು. ಕಾವೇರಿಗೆ ಅದರದ್ದೇ ಆದ ಮಹಶೀರ್ ಮೀನಿದೆ, ಅದೂ ಅಳಿವಿನ ಅಂಚಿನಲ್ಲಿದೆ. ಗುರಿ ಬೇಕು ಅನ್ನೋರಿಗೆ ದೂರ ಹುಡುಕಬೇಕಾಗಿಲ್ಲ. ಬೆಂಕಿ ಬೀಳುವ ತನಕ ಕಾಯಬೇಕಾ ಅನ್ನೋದಷ್ಟೇ ಉಳಿದಿರುವ ಪ್ರಶ್ನೆ. ನಿಮಗೇನನ್ನಿಸುತ್ತೆ?